ಟವೆಲಿನ ಬೇರು ಹುಡುಕಿದ ಶುಕ್ರವಾರ

ಇಸ್ರೇಲಿನಲ್ಲಿ ಶುಕ್ರವಾರ ಅಂದರೆ ಮನೆ ತೊಳೆಯುವ ದಿನ. ಸೂರ್ಯ ಮುಳುಗಿದರೆ ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಶುರು. ಅಷ್ಟರೊಳಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಬಸ್ಸುಗಳೂ ಹೆಚ್ಚುಕಡಿಮೆ ನಿಂತಿರುತ್ತವೆ. ನಾನು ರಾಮತ್ ಗಾನ್‌ನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮಂಗಳೂರು, ಉಡುಪಿ ಕಡೆಯ ತುಂಬಾ ಜನ ಇಲ್ಲಿ ಇದೇ ಕೆಲಸ ಮಾಡುತ್ತಾರೆ. ಅಜ್ಜಿಯನ್ನು ನಾನು ‘ಸಾವ್ತಾ’ ಎಂದೇ ಕರೆಯುವುದು. ಹೀಬ್ರೂನಲ್ಲಿ ಅಜ್ಜಿಗೆ ಹಾಗೇ ಅನ್ನುತ್ತಾರೆ.

ಆ ಶುಕ್ರವಾರ ನೆಲಕ್ಕೆ ನೀರು ಸುರಿದು, ಉದ್ದ ಕೋಲಿನ ರಬ್ಬರ್ ಪಟ್ಟಿಯಿಂದ ಬಾಲ್ಕನಿ ಕಡೆಗೆ ತಳ್ಳುತ್ತಿದ್ದೆ. ಸಾವ್ತಾ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದರು. “ನಿನ್ನ ಕೈಲಿರೋದು ಏನು?” ಅಂದರು. “ಮಗಾವ್” ಅಂದೆ. “ಮುಖ ಒರೆಸೋದು?” “ಮಗೇವೆತ್.” “ನನಗೆ ಊಟ ಆದಮೇಲೆ ಕೈಗೆ ಕೊಡ್ತೀಯಲ್ಲ, ಒದ್ದೆ ಕಾಗದ?” “ಮಗವೋನ್.” “ಹಾಗಾದ್ರೆ ಬೇರು ಹೇಳು.”

ಬೇರಿಗೆ ಹೀಬ್ರೂನಲ್ಲಿ ‘ಶೋರೆಶ್’ ಅನ್ನುತ್ತಾರೆ. ಬಹುತೇಕ ಮೂರು ವ್ಯಂಜನಗಳು. ಅವುಗಳ ನಡುವೆ ಸ್ವರ ಬದಲಾಗುತ್ತದೆ, ಹಿಂದೆ ಮುಂದೆ ಏನಾದರೂ ಸೇರುತ್ತದೆ, ಹೊಸ ಪದ ಹುಟ್ಟುತ್ತದೆ. ನಾನು ಮ-ಗ-ವ ಅಂದೆ. ಸಾವ್ತಾ ತಲೆ ಅಲ್ಲಾಡಿಸಿದರು. ಮೊದಲಿನ ‘ಮ’ ಬರೀ ಅಚ್ಚು. ಉಪಕರಣದ ಹೆಸರುಗಳಿಗೆ ಅದು ಬರುತ್ತದೆ. ನಿಜವಾದ ಬೇರು ನ-ಗ-ವ, ಒರೆಸಿ ಒಣಗಿಸು ಅಂತ. ಆ ‘ನ’ ಮುಂದಿನ ಅಕ್ಷರದಲ್ಲಿ ಕರಗಿಹೋಗಿದೆ. ದಕ್ಷಿಣದ ನೆಗೆವ್ ಮರುಭೂಮಿಗೂ ಇದೇ ಬೇರು, ಒಣ ನೆಲ ಅಲ್ವಾ! ಟವೆಲಿಗೂ ಮರುಭೂಮಿಗೂ ನಂಟು ಅಂತ ಕೇಳಿದ ಮೇಲೆ ಆ ಪದ ಮರೆಯುವುದಾದರೂ ಹೇಗೆ?

ಬಂದ ಹೊಸತರಲ್ಲಿ ನಾನು ಮೊಬೈಲಿನಲ್ಲಿ ಪದಗಳ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುತ್ತಿರಲಿಲ್ಲ. ಗುಂಪಾಗಿ ಕಲಿತದ್ದು ಮಾತ್ರ ಉಳಿಯಿತು. ಡಾಕ್ಟರು ‘ರೋಫೆ’, ಔಷಧಿ ‘ತ್ರುಫಾ’, ಕ್ಲಿನಿಕ್ ‘ಮಿರ್ಪಾಆ’. ಪ, ಫ ಎರಡಕ್ಕೂ ಅಕ್ಷರ ಒಂದೇ ಅಂತ ಗೊತ್ತಾದರೆ ಮೂರೂ ಒಂದೇ ಮನೆಯವು. ಕಾವಲುಗಾರ ‘ಶೋಮೆರ್’, ಅವನ ಪಾಳಿ ‘ಮಿಶ್ಮೆರೆತ್’, ಡಬ್ಬಿಯಲ್ಲಿ ಕೆಡದಂತೆ ಇಟ್ಟ ಆಹಾರ ‘ಶಿಮುರಿಮ್’. ನನ್ನ ಕೆಲಸದ ಹೆಸರು ‘ಮೆತಪೇಲೆತ್’, ಅಂದರೆ ಆರೈಕೆ ಮಾಡುವವಳು. ಫೋನ್ ಕಂಪನಿಗೆ ದೂರು ಕೊಟ್ಟರೆ ಅವರೂ ಇದೇ ಬೇರಿನಿಂದ “ಮೆತಪ್ಲಿಮ್ ಬಜೆ” ಅನ್ನುತ್ತಾರೆ, ‘ನೋಡ್ಕೋತಾ ಇದ್ದೀವಿ’ ಅಂತ. ಅವರು ನೋಡಿಕೊಳ್ಳುವ ರೀತಿಯಲ್ಲಿ ನಾನು ಸಾವ್ತಾರನ್ನು ನೋಡಿಕೊಂಡಿದ್ದರೆ ನನ್ನ ಕೆಲಸ ಯಾವತ್ತೋ ಹೋಗುತ್ತಿತ್ತು.

ಕಷ್ಟ ಇರುವುದು ಓದುವುದರಲ್ಲಿ. ದಿನನಿತ್ಯದ ಬರಹದಲ್ಲಿ ಸ್ವರಚಿಹ್ನೆ ಹಾಕುವುದಿಲ್ಲ. ಮಕ್ಕಳ ಪುಸ್ತಕ, ಕವಿತೆ, ಪ್ರಾರ್ಥನೆಯ ಪುಸ್ತಕಗಳಲ್ಲಿ ಮಾತ್ರ ಅವು ಪೂರ್ತಿ ಕಾಣುತ್ತವೆ. ಕಾಗುಣಿತ ಇಲ್ಲದ ಕನ್ನಡ ಊಹಿಸಿಕೊಳ್ಳಿ! ಸ-ಪ-ರ ಅಂತ ಮೂರೇ ಅಕ್ಷರ ಇದ್ದರೆ ‘ಸೇಫೆರ್’ ಅಂತ ಓದಿದರೆ ಪುಸ್ತಕ, ‘ಸಪಾರ್’ ಅಂದರೆ ಕ್ಷೌರಿಕ. ಬೋರ್ಡಿನ ಕೆಳಗೆ ಕುರ್ಚಿ, ಕನ್ನಡಿ ಇದೆಯಾ ಅಂತ ನೋಡಿ ಓದಬೇಕು.

ನನ್ನ ಅದೃಷ್ಟಕ್ಕೆ ಸಾವ್ತಾ ಬಾಗ್ದಾದಿನವರು. 1950–51ರಲ್ಲಿ ಇರಾಕಿನಿಂದ ಬಂದ ಸುಮಾರು 1,20,000 ಯಹೂದಿಗಳಲ್ಲಿ ಅವರ ಮನೆಯವರೂ ಇದ್ದರು. ಡೇರೆಗಳ ಶಿಬಿರದಲ್ಲಿ ಹುಡುಗಿಯಾಗಿ ಹೀಬ್ರೂ ಕಲಿತು, ಮುಂದೆ ಅದನ್ನೇ ಶಾಲೆಯಲ್ಲಿ ಕಲಿಸಿದರು. ಟೀವಿಯವರ ಬಾಯಲ್ಲಿ ಎರಡು ಬೇರೆ ಅಕ್ಷರಗಳು ಒಂದೇ ‘ಖ’ ಆಗುತ್ತವೆ. ಸಾವ್ತಾ ಮಾತ್ರ ಒಂದನ್ನು ಗಂಟಲಾಳದ ‘ಹ’ ಮಾಡಿ ಹೇಳುತ್ತಾರೆ. ಅವರು ಮಾತಾಡಿದರೆ ಕಾಗುಣಿತವೇ ಕಿವಿಗೆ ಬೀಳುತ್ತದೆ.

ಅರಬ್ಬಿಯೂ ಅವರ ಮನೆಮಾತು. ಅದು ಹೀಬ್ರೂಗೆ ನಂಟಿನ ಭಾಷೆ, ಎಷ್ಟೋ ಬೇರುಗಳು ಎರಡರಲ್ಲೂ ಒಂದೇ. ಬರೆಯುವುದಕ್ಕೆ ಬೇರು ಕ-ತ-ವ, ಪತ್ರ ‘ಮಿಖ್ತಾವ್’, ವಿಳಾಸ ‘ಕ್ತೋವೆತ್’ ಅಂತ ಹೇಳಿದಾಗ, ನಮ್ಮಲ್ಲೂ ‘ಕಿತಾಬು’ ಇದೆ ಅಂದೆ. ಕಣ್ಣರಳಿಸಿದರು. ರಾಜ ‘ಮೆಲೆಖ್’ ಅಂದರು. ನಮ್ಮಲ್ಲಿ ಅಂಗಡಿ ಇಟ್ಟವನೂ ‘ಮಾಲೀಕ’ ಅಂದೆ. ತಹಸೀಲ್ದಾರ, ಮಹಸೂಲು ಎರಡೂ ಒಂದೇ ಅರಬ್ಬಿ ಬೇರಿನವು ಅಂತ ಅವರೇ ಹೇಳಿದರು. ಬಾಲ್ಯದಿಂದ ಕೇಳಿದ ಪದಗಳು, ಯಾವತ್ತೂ ಜೋಡಿಸಿ ನೋಡಿರಲಿಲ್ಲ. ಆದರೆ ಅಡುಗೆಮನೆ ‘ಮಿತ್ಬಾಖ್’ ಬಂದಾಗ ಸ್ವಲ್ಪ ಕಸಿವಿಸಿಯಾಯಿತು. ಅರಬ್ಬಿಯಲ್ಲಿ ಅದರ ಬೇರು ಬೇಯಿಸುವುದು. ಹೀಬ್ರೂನಲ್ಲಿ ಕೊಚ್ಚಿ ಕೊಲ್ಲುವುದಕ್ಕೂ ಅದೇ. ಯಾಕೆ ಹಾಗೆ ಅಂದರೆ ಸಾವ್ತಾ “ಕಾಖಾ” ಅಂದರು. ‘ಸುಮ್ನೆ, ಹಂಗೇ’ ಅಂತ. ಈ ದೇಶದಲ್ಲಿ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ.

ನೆಲ ಒಣಗಿತು. ಅನ್ನ ಒಲೆಯ ಮೇಲಿತ್ತು. “ನಿನ್ನ ಭಾಷೆಯಲ್ಲಿ ಬೇರಿನ ಆಟ ಇಲ್ವಾ?” ಅಂದರು. ಇದೆ, ಆದರೆ ನಾವು ಒಳಗೆ ಜಾಸ್ತಿ ಕೈ ಹಾಕುವುದಿಲ್ಲ, ಕೊನೆಗೆ ಅಂಟಿಸುತ್ತೇವೆ ಅಂದೆ. ಮಾಡು, ಮಾಡಿಸು. ಆಮೇಲೆ ಆಡು-ಆಟ, ಓಡು-ಓಟ, ನೋಡು-ನೋಟ, ಕೂಡು-ಕೂಟ. ಮೇಷ್ಟ್ರು ಬುದ್ಧಿ, ತಕ್ಷಣ ಸೂತ್ರ ಹಿಡಿದರು. “ಇನ್ನೊಂದು ಕೊಡು.” ಹಾಡು ಅಂದೆ, ಅರ್ಥವನ್ನೂ ಹೇಳಿದೆ.

“ಹಾಟ!”

ಇಲ್ಲ ಸಾವ್ತಾ, ಹಾಡೋದೂ ಹಾಡು, ಹಾಡಿದ್ದೂ ಹಾಡೇ.

“ಯಾಕೆ?”

“ಕಾಖಾ” ಅಂದೆ.