ಬದಲಾಯಿಸಲಾಗದ ಗೆರೆಗಳು

ಇಂದು ಸರ್ಕಾರಿ ಕಚೇರಿಯೊಂದರಲ್ಲಿ ಬೆರಳ ಗುರುತು ಪಡೆಯುವ ಯಂತ್ರದ ಗಾಜಿನ ಮೇಲೆ ಹೆಬ್ಬೆರಳನ್ನು ಒತ್ತಿದೆ.

ಪಾಸ್‌ವರ್ಡ್ ಕಳುವಾದರೆ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳಿನ ಈ ಗೆರೆಗಳು ಕಳುವಾದರೆ ಬದಲಿ ಗೆರೆಗಳನ್ನು ಯಾವ ಸರ್ಕಾರವೂ ಕೊಡಲಾರದು.

ಇದು ಬರಿಯ ಊಹೆಯಲ್ಲ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ನಿರ್ವಹಣಾ ಕಚೇರಿಯ ದತ್ತಾಂಶ ಸೋರಿಕೆ ಬೆಳಕಿಗೆ ಬಂದಾಗ, ಸುಮಾರು 2.15 ಕೋಟಿ ಜನರ ಮಾಹಿತಿಯ ಜೊತೆಗೆ ಸುಮಾರು 56 ಲಕ್ಷ ಜನರ ಬೆರಳಚ್ಚುಗಳೂ ಕಳ್ಳರ ಪಾಲಾಗಿದ್ದವು. ಅವರು ಒಳನುಗ್ಗಿದ್ದು ಗುತ್ತಿಗೆ ಸಂಸ್ಥೆಯೊಂದರ ಲಾಗಿನ್ ವಿವರಗಳನ್ನು ಬಳಸಿ. ಸಂದೇಶ ಅಥವಾ ಭದ್ರತಾ ಕಾರ್ಡಿನ ಮೂಲಕ ಎರಡನೆಯ ಬಾರಿ ಗುರುತು ಕೇಳುವ ವ್ಯವಸ್ಥೆ ಎಲ್ಲೆಡೆ ಕಡ್ಡಾಯವಾಗಿದ್ದರೆ ಕದ್ದ ಪಾಸ್‌ವರ್ಡ್ ಒಂದರಿಂದಲೇ ಬಾಗಿಲು ತೆರೆಯುತ್ತಿರಲಿಲ್ಲ.

ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದು ಅಗತ್ಯವೇ, ಆದರೆ ಅಷ್ಟೇ ಸಾಲದು. ಅಧಿಕೃತ ಬಳಕೆದಾರನ ಹೆಸರಿನಲ್ಲಿ ಬಂದವನಿಗೆ ವ್ಯವಸ್ಥೆಯೇ ಅದನ್ನು ಬಿಡಿಸಿ ತೋರಿಸುತ್ತದೆ. ಆದ್ದರಿಂದ ಯಾವ ನೌಕರನಿಗೆ ಯಾವ ಕಡತ ಬೇಕೋ ಅಷ್ಟಕ್ಕೇ ಪ್ರವೇಶವಿರಬೇಕು, ಒಬ್ಬನೇ ಬಳಕೆದಾರ ಏಕಾಏಕಿ ಲಕ್ಷಾಂತರ ದಾಖಲೆಗಳನ್ನು ಹೊರಗೆ ಸಾಗಿಸತೊಡಗಿದರೆ ಎಚ್ಚರಿಕೆ ತಕ್ಷಣ ಮೊಳಗಬೇಕು. ಗುತ್ತಿಗೆದಾರರಿಗೂ ಇದೇ ನಿಯಮ, ಯಾವ ರಿಯಾಯಿತಿಯೂ ಬೇಡ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೆಲಸ ಮುಗಿದ ಮೇಲೆ ಅಗತ್ಯವಿಲ್ಲದ ಮಾಹಿತಿಯನ್ನು ಅಳಿಸಬೇಕು, ಏಕೆಂದರೆ ಇಲ್ಲದ್ದನ್ನು ಯಾರೂ ಕದಿಯಲಾರರು. ಬೆರಳಚ್ಚನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಪಡೆಯುವಾಗಲೇ ತಿಳಿಸುವ ಒಂದು ಸಾಲು ಪ್ರತಿಯೊಂದು ಅರ್ಜಿಯಲ್ಲೂ ಇರಲಿ.