ಗೋಡೆ ನಿಮ್ದು, ನೀರು ಯಾರ್ದು?

"ಗೋಡೆ ನಿಮ್ದೇ ಕಣಪ್ಪ, ಕಟ್ಕೊ. ನೀರು ಯಾರ್ದು?"

ಕಳೆದ ಭಾನುವಾರ ಬೆಳಿಗ್ಗೆ ಬನಶಂಕರಿಯ ಒಂದು ಹಿತ್ತಲಲ್ಲಿ ಕೇಳಿದ ಈ ಮಾತು ವಾರವಿಡೀ ತಲೆಯೊಳಗೆ ಸುತ್ತುತ್ತಿದೆ. ಹಾಗೆ ಪ್ರಶ್ನೆ ಹಾಕಿದವರು ಎಪ್ಪತ್ತು ದಾಟಿದ ಅಮ್ಮ. ಅವರ ಎದುರು ನಿಂತಿದ್ದವನು ಹಿಂದಿನ ಸೈಟಿನ ಮನೆಯನ್ನು ಹೋದ ವರ್ಷ ಕೊಂಡ ಮೂವತ್ತೈದರ ಹುಡುಗ. ಇಬ್ಬರ ನಡುವೆ ನಲವತ್ತು ಅಡಿ ಉದ್ದದ ಹಳೇ ಬೇಲಿ. ಆರು ಕಲ್ಲುಕಂಬ, ತುಕ್ಕು ಹಿಡಿದ ಮುಳ್ಳುತಂತಿ, ಎರಡನ್ನೂ ನುಂಗಿ ಬೆಳೆದ ಗೋರಂಟಿ ಮತ್ತು ದಾಸವಾಳ. ಹುಡುಗನಿಗೆ ಅದರ ಜಾಗದಲ್ಲಿ ಆರಡಿಯ ಸಾಲಿಡ್ ಬ್ಲಾಕ್ ಗೋಡೆ ಬೇಕು. ಮನೆಯಲ್ಲಿ ಈಗಷ್ಟೇ ಹೆಜ್ಜೆ ಇಡುತ್ತಿರುವ ಮಗು ಇದೆ, ನಾಯಿ ಇದೆ, ಬೇಲಿಯ ಬುಡದಲ್ಲಿ ಹಾವಿನ ಪೊರೆ ಸಿಕ್ಕಿತ್ತು. ಅವನು ಕೇಳುವುದರಲ್ಲಿ ತಪ್ಪೇನೂ ಇಲ್ಲ.

"ಅಮ್ಮ, ನಮ್ ಜಾಗದೊಳಗೇ ತಾನೇ ಕಟ್ತಿರೋದು" ಅಂದ. ಅದಕ್ಕೆ ಅವರು ಕೊಟ್ಟ ಉತ್ತರ ಮೇಲಿನ ಪ್ರಶ್ನೆ. ಹುಡುಗನಿಗೆ ಅದು ಅರ್ಥವಾಗಲಿಲ್ಲ. ಮುದುಕಿ ಸುಮ್ಮನೆ ತಗಾದೆ ತೆಗೆಯುತ್ತಿದ್ದಾರೆ ಅಂದುಕೊಂಡ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

ಅಷ್ಟರಲ್ಲಿ ಅಕ್ಕಪಕ್ಕದವರೂ ಬಂದರು. ಬಲಗಡೆ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. "ಆರಡಿ ಯಾಕೆ, ಎಂಟಡಿ ಕಟ್ಟಿ, ಮೇಲೆ ಗಾಜಿನ ಚೂರು ಹಾಕ್ಸಿ" ಅಂದರು. ಒಳ್ಳೆಯ ಮನುಷ್ಯ, ಆದರೆ ಈ ಸಲಹೆಯನ್ನು ಯಾರೂ ಪಾಲಿಸಬಾರದು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕಾಂಪೌಂಡ್ ಗೋಡೆಗೆ ಹೇಳಿರುವ ಎತ್ತರ ಎದುರು ರಸ್ತೆಯ ನಡುಗೆರೆಯಿಂದ 1.5 ಮೀಟರ್, ಅಂದರೆ ಐದಡಿಗಿಂತ ಸ್ವಲ್ಪ ಕಡಿಮೆ. 2.4 ಮೀಟರ್‌ವರೆಗೆ ಹೋಗಬಹುದು, ಆದರೆ ಮೇಲಿನ 0.9 ಮೀಟರ್ ಗಾಳಿ ಆಡುವ ಜಾಲರಿಯೋ ಗ್ರಿಲ್ಲೋ ಆಗಿರಬೇಕು. ಇನ್ನು ಗಾಜು. ಕೋಪಿಂಗಿನ, ಅಂದರೆ ಗೋಡೆಯ ನೆತ್ತಿಯ ಹೊದಿಕೆಯ, ಗಾರೆಯೊಳಗೆ ಚೂರು ಸಿಕ್ಕಿಸಿದ ಕಡೆಯೆಲ್ಲ ಸಣ್ಣ ಬಿರುಕು ಬಿಡುತ್ತದೆ, ಮಳೆನೀರು ಗೋಡೆಯ ನೆತ್ತಿಯಿಂದಲೇ ಇಳಿಯುತ್ತದೆ, ಕೆಲವೇ ಮಳೆಗಾಲದಲ್ಲಿ ಮೇಲಿನ ವರಸೆ ಸಡಿಲವಾಗುತ್ತದೆ. ಚೆಂಡು ತರಲು ಹತ್ತುವ ಮಕ್ಕಳ ಅಂಗೈ ಕುಯ್ಯುವುದೂ ಅದೇ ಗಾಜು.

ಎಡಗಡೆ ಮನೆಯ ಟೀಚರ್, ಬೇಲಿ ಕಿತ್ತರೆ ದಾಸವಾಳಕ್ಕೆ ಬರುವ ಸೂರಕ್ಕಿ ಹೋಗುತ್ತದೆ ಅಂದರು. ನಿಜ. ಆದರೆ ಅವರ ಹಿತ್ತಲಿಗೆ ಗೋಡೆಯಿಂದ ಗೋಡೆಗೆ ಟೈಲ್ಸ್ ಹಾಕಿಸಿ ವರ್ಷಗಳಾದವು. ಅಲ್ಲಿ ಒಂದು ಹನಿಯೂ ಇಂಗುವುದಿಲ್ಲ, ಇಳಿದ ನೀರೆಲ್ಲ ಅಮ್ಮನ ಹಿತ್ತಲಿಗೇ ಬರುತ್ತದೆ. ಹಕ್ಕಿಯ ಬಗ್ಗೆ ಅಷ್ಟು ಯೋಚಿಸುವವರು ನೆಲದ ಬಗ್ಗೆ ಯೋಚಿಸಲಿಲ್ಲವಲ್ಲ ಎಂದು ಬೇಸರವಾಯಿತು.

ಎಲ್ಲರ ಮಾತೂ ಗೋಡೆಯ ಮೇಲ್ಭಾಗದ ಬಗ್ಗೆಯೇ ಇತ್ತು. ಎಷ್ಟು ಎತ್ತರ, ಯಾವ ಬಣ್ಣ, ಯಾರಿಗೆ ಯಾರು ಕಾಣುತ್ತಾರೆ. ಬುಡದ ಬಗ್ಗೆ ಕೇಳಿದವರು ಅಮ್ಮ ಒಬ್ಬರೇ. ಗೋಡೆ ಕೆಡುವುದು ಬುಡದಿಂದ.

ಅವರ ಸೈಟು ಮೇಲೆ, ಹುಡುಗನದು ಒಂದೂವರೆ ಅಡಿ ಕೆಳಗೆ. ಅಮ್ಮನ ಸೈಟು ನಲವತ್ತು ಅರವತ್ತು, ಅಂದರೆ 2,400 ಚದರಡಿ. 50 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ಜಾಗದ ಮೇಲೆ ಸುಮಾರು 11,000 ಲೀಟರ್ ನೀರು, ಹೆಚ್ಚುಕಡಿಮೆ ದೊಡ್ಡದೊಂದು ಟ್ಯಾಂಕರ್ ತುಂಬುವಷ್ಟು. ತಾರಸಿಯ ಒಂದು ಪಾಲು ಸಂಪಿಗೆ ಹೋದರೂ ಉಳಿದದ್ದು ಹಿತ್ತಲಿನ ಇಳಿಜಾರು ಹಿಡಿದು ಬೇಲಿಯ ಸಂದಿನಿಂದ ದಾಟಿ, ಹುಡುಗನ ಮನೆಯ ಪಕ್ಕದ ಓಣಿಯಲ್ಲಿ ಹರಿದು, ಆಚೆ ರಸ್ತೆಯ ಮೋರಿ ಸೇರುತ್ತಿತ್ತು. ಬೇಲಿ ಇದನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿತ್ತು. ಗೋಡೆ ಬಂದರೆ ನೀರು ಅದಕ್ಕೆ ಒರಗಿ ನಿಲ್ಲುತ್ತದೆ.

ನಿಂತ ನೀರಿನ ತಳ್ಳುವ ಬಲ ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದಡಿ ನೀರು ನಿಂತರೆ ಗೋಡೆಯ ಪ್ರತಿ ಅಡಿ ಉದ್ದದ ಮೇಲೆ 14 ಕೆಜಿ ಒತ್ತಡ. ಎರಡಡಿ ನಿಂತರೆ 28 ಅಲ್ಲ, 56. ನಲವತ್ತಡಿ ಗೋಡೆಗೆ ಒಟ್ಟು ಎರಡು ಟನ್ನಿಗೂ ಹೆಚ್ಚು. ಆರಿಂಚಿನ ಬ್ಲಾಕ್ ಗೋಡೆ ತನ್ನ ಭಾರ ಹೊರುತ್ತದೆ, ಗಾಳಿ ತಡೆಯುತ್ತದೆ. ಅಡ್ಡಕ್ಕೆ ತಳ್ಳುವ ನೀರನ್ನು, ಅದರ ಜೊತೆ ನೆನೆದು ಉಬ್ಬಿದ ಮಣ್ಣನ್ನು ತಡೆಯಲು ಅದನ್ನು ಕಟ್ಟಿರುವುದಿಲ್ಲ. ಜೋರು ಮಳೆಯ ರಾತ್ರಿ ಮಲಗಿಬಿಡುವ ಕಾಂಪೌಂಡುಗಳ ಕತೆ ಬಹುಪಾಲು ಇದೇ.

ಕಾನೂನೂ ಅಮ್ಮನ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದೆ. ಅಕ್ಕಪಕ್ಕದ ಜಮೀನುಗಳ ನಡುವಿನ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನಲ್ಲಿ ಉದಾಹರಣೆಯಾಗಿಯೇ ಇದೆ: ಮೇಲಿನ ಜಮೀನಿನಲ್ಲಿ ತಾನಾಗಿ ಬಿದ್ದ, ತಾನಾಗಿ ಹರಿಯುವ ನೀರನ್ನು ಕೆಳಗಿನ ಜಮೀನಿನವರು ಹರಿಯಲು ಬಿಡಬೇಕು. ಆದರೆ ತಾನಾಗಿ ಎಂಬ ಮಾತು ಮುಖ್ಯ. ಅಲ್ಲಿ ಅಮ್ಮನ ಕಡೆಯೂ ಒಂದು ತಪ್ಪಿತ್ತು. ತಾರಸಿಯಿಂದ ಇಳಿಯುವ ಎರಡು ಪೈಪಿನಲ್ಲಿ ಒಂದರ ಬಾಯಿ ನೇರ ಹಿತ್ತಲಿಗೆ ಬಿಟ್ಟಿತ್ತು. ಪೈಪಿನಲ್ಲಿ ಕೂಡಿಸಿ ಒಂದೇ ಕಡೆ ಸುರಿದ ನೀರು ತಾನಾಗಿ ಹರಿದದ್ದಲ್ಲ, ಅದನ್ನು ಹುಡುಗ ಹೊರಬೇಕಾಗಿಲ್ಲ. ಅದನ್ನು ಅವರಿಗೆ ಹೇಳಿದಾಗ ಒಪ್ಪಿಕೊಂಡರು. ಆ ಪೈಪನ್ನು ಇಂಗುಬಾವಿಗೆ ತಿರುಗಿಸುವುದು ಸರಿಯಾದ ದಾರಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ಸಿಮೆಂಟ್ ರಿಂಗಿನ ಬಾವಿ 4,000 ಲೀಟರ್ ಹಿಡಿಯುತ್ತದೆ. ಅದನ್ನು ಗೋಡೆಯ ಪಾಯದ ಪಕ್ಕ ಮಾತ್ರ ತೋಡಬಾರದು, ಪಾಯದ ಕೆಳಗಿನ ಮಣ್ಣೇ ಮೆತ್ತಗಾಗುತ್ತದೆ.

ಆಮೇಲೆ ಗೆರೆಯ ವಿಷಯ. "ನಮ್ ಜಾಗದೊಳಗೇ" ಅಂದ ಹುಡುಗ ಅಳೆಸಿರಲಿಲ್ಲ, ಬೇಲಿಯನ್ನೇ ಗಡಿ ಅಂದುಕೊಂಡಿದ್ದ. ಬೇಲಿ ಯಾವತ್ತೂ ಗಡಿಯಲ್ಲ, ಗಡಿಯ ಆಸುಪಾಸು. ಗಡಿ ಇರುವುದು ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆದಿರುವಲ್ಲಿ, ಮತ್ತು ಲೇಔಟ್ ಮಾಡಿದಾಗ ನೆಟ್ಟ ಮೂಲೆಗಲ್ಲಿನಲ್ಲಿ. ಆ ಕಲ್ಲುಗಳು ಮಣ್ಣು ಏರಿ ಏರಿ ಒಳಗೆ ಹೂತಿರುತ್ತವೆ. ಇಲ್ಲೂ ಒಂದಡಿ ಕೆದಕಿದ ಮೇಲೆ ಎರಡೂ ಸಿಕ್ಕವು. ಅಳೆಯುವಾಗ ಮೋರಿಯ ಅಂಚಿನಿಂದ ಶುರು ಮಾಡಬಾರದು, ಮೋರಿಯನ್ನು ಎಷ್ಟು ಸಲ ಒಡೆದು ಕಟ್ಟಿದ್ದಾರೋ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಸೈಟಿನ ಆಚೀಚೆ ತುದಿಯಿಂದ ಅರವತ್ತು ಅರವತ್ತು ಅಡಿ ಹಿಡಿದು ನಡುವೆ ಸೇರಿಸಬೇಕು. ಮೂಲೆ ಸರಿಯಿದೆಯೋ ಇಲ್ಲವೋ ತಿಳಿಯಲು ಕರ್ಣ ನೋಡಬೇಕು: ಮೂವತ್ತು ನಲವತ್ತರ ಸೈಟಿಗೆ ಸರಿಯಾಗಿ 50 ಅಡಿ, ನಲವತ್ತು ಅರವತ್ತಕ್ಕೆ 72 ಅಡಿ 1 ಇಂಚು ಚಿಲ್ಲರೆ. ಎರಡು ಕರ್ಣವೂ ಒಂದೇ ಬಂದರೆ ಮೂಲೆಮಟ್ಟ ಸರಿ. ಟೇಪು ಜೋಲು ಬೀಳದಂತೆ ಎಳೆದು ಹಿಡಿಯಬೇಕು, ಬಟ್ಟೆ ಟೇಪು ಬೇಡ, ಹಿಗ್ಗುತ್ತದೆ.

ಅಳೆದರೆ ಕಂಬದ ಸಾಲು ಒಂದು ತುದಿಯಲ್ಲಿ ಕಲ್ಲಿನ ಮೇಲೇ ಇತ್ತು, ಇನ್ನೊಂದು ತುದಿಯಲ್ಲಿ ಏಳು ಇಂಚು ಹುಡುಗನ ಸೈಟಿನೊಳಗೆ. ಹನ್ನೆರಡು ಚದರಡಿಗೂ ಕಡಿಮೆಯ ಒಂದು ತ್ರಿಕೋನ. ಅಲ್ಲಿ ಅಮ್ಮನ ಕರಿಬೇವಿನ ಗಿಡ. ಬ್ಯಾಂಕಿನವರು ಅವರ ಕಿವಿಯ ಹತ್ತಿರ ಬಂದು, ಹನ್ನೆರಡು ವರ್ಷ ದಾಟಿದೆ, ಬಿಡಬೇಡಿ ಅಂದರು. ಅಷ್ಟು ಕಾಲ ಅನುಭವಿಸಿದ ಜಾಗವನ್ನು ಒಡೆಯ ವಾಪಸ್ ಕೇಳುವಂತಿಲ್ಲ ಎಂಬ, 1963ರ ಕಾಲಮಿತಿ ಕಾಯ್ದೆಯ ಆ ಹನ್ನೆರಡು ವರ್ಷ ಎಲ್ಲರಿಗೂ ಬಾಯಿಪಾಠ. ಜಾಗದ ಒಡೆಯನಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ, ತನ್ನದೆಂದೇ ಅನುಭವಿಸಿರಬೇಕು ಎಂಬ ಉಳಿದ ಭಾಗ ಯಾರಿಗೂ ನೆನಪಿರುವುದಿಲ್ಲ. ಅಮ್ಮ ಹೇಳಿದ್ದು ಇಷ್ಟೇ: "ಒಂದು ಕರಿಬೇವಿನ ಗಿಡಕ್ಕೆ ಕೋರ್ಟಿಗೆ ಹೋಗ್ಲಾ? ತಗೊಳ್ಳಪ್ಪ ನಿನ್ ಜಾಗ. ನೀರು ಯಾರ್ದು ಅಂತ ಹೇಳು." ಏಳು ಇಂಚು ಬಿಟ್ಟುಕೊಟ್ಟ ಮೇಲೂ ಅದೇ ಪ್ರಶ್ನೆ. ಆಗ ಹುಡುಗ ಮೊದಲ ಸಲ ನೆಲ ನೋಡಿದ.

ನೀರು ದಾಟಲು ಗೋಡೆಯ ಬುಡದಲ್ಲಿ ತೂತು ಬಿಡಬೇಕು. ಈ ವಿಷಯಕ್ಕೇ ಮೇಸ್ತ್ರಿಯ ಮೇಲೆ ನನಗೆ ಸಿಟ್ಟಿದೆ. ಕೆಲಸದಲ್ಲಿ ಕೈ ಚೆನ್ನಾಗಿದೆ, ಆದರೆ "ತೂತು ಬಿಟ್ರೆ ಹಾವು ಬರತ್ತೆ ಸಾರ್, ಗೋಡೆ ಗಟ್ಟಿ ನಿಲ್ಲಲ್ಲ" ಎಂದು ಹೆದರಿಸಿದವನು ಅವನೇ. ತೂತಿಲ್ಲದ ಗೋಡೆಯೇ ನಿಲ್ಲುವುದಿಲ್ಲ. ಹಾವು ಗೇಟಿನ ಕೆಳಗಿನಿಂದಲೂ ಮೋರಿಯಿಂದಲೂ ಬರುತ್ತದೆ, ಇಲಿ ಇದ್ದರೆ ಬಂದೇ ಬರುತ್ತದೆ. ಆರಿಂಚಿನ ಗೋಡೆಗೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು, ಐದಡಿಗೆ ಒಂದರಂತೆ, ಎರಡು ತುದಿ ಬಿಟ್ಟು ನಲವತ್ತಡಿಗೆ ಏಳು. ಮೇಲಿನ ಕಡೆಯ ನೆಲದ ಮಟ್ಟಕ್ಕೇ ಇಡಬೇಕು, ತಗ್ಗಿನ ಕಡೆಗೆ ಅರ್ಧ ಇಂಚು ಇಳಿಜಾರು. ಬಾಯಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಕಟ್ಟಿದರೆ ಇಲಿಯಾಗಲಿ ದೊಡ್ಡ ಹಾವಾಗಲಿ ನುಸುಳುವುದಿಲ್ಲ. ನೀರು ಬರುವ ಕಡೆ ಒಂದಡಿ ಅಗಲಕ್ಕೆ ಜಲ್ಲಿ ತುಂಬಿದರೆ ಮಣ್ಣು ಕಟ್ಟಿಕೊಳ್ಳುವುದಿಲ್ಲ. ಕೆಡುವುದು ಹೀಗೆ: ಪೈಪನ್ನು ನೆಲದಿಂದ ಒಂದಡಿ ಮೇಲೆ ಇಟ್ಟಿರುತ್ತಾರೆ, ಇಲ್ಲವೇ ಪ್ಲಾಸ್ಟರಿಂಗ್ ಮಾಡುವಾಗ ಬಾಯಿಗೆ ಸಿಮೆಂಟ್ ಚೀಲ ತುರುಕಿ ಅದನ್ನು ತೆಗೆಯಲು ಮರೆತಿರುತ್ತಾರೆ.

ಪಾಯದಲ್ಲಿ ಇನ್ನೊಂದು ಸಂಗತಿ ಅಡಗಿರುತ್ತದೆ. ಎರಡಡಿ ಅಗಲದ ಪಾಯದ ನಡುವೆ ಆರಿಂಚಿನ ಗೋಡೆ ಕೂರಿಸಿ, ಗೋಡೆಯ ಮುಖವನ್ನು ಗೆರೆಗೆ ಹೊಂದಿಸಿದರೆ, ನೆಲದ ಕೆಳಗೆ ಒಂಬತ್ತಿಂಚು ಪಾಯ ಪಕ್ಕದವರ ಜಾಗದಲ್ಲಿರುತ್ತದೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಪಕ್ಕದವರು ಮನೆ ಕಟ್ಟಲು ತೋಡಿದ ದಿನ ಜಗಳ ಏಳುತ್ತದೆ. ಆದ್ದರಿಂದ ಇಡೀ ಪಾಯ ತನ್ನ ಕಡೆಯೇ ಇರಬೇಕು, ಗೋಡೆ ಅದರ ಹೊರ ಅಂಚಿನ ಮೇಲೆ ಕೂರಬೇಕು. ಹೀಗೆ ಅಂಚಿಗೆ ಕೂತ ಗೋಡೆ ವಾಲದಿರಲು ಪಾಯದ ಮೇಲೆ ಉದ್ದಕ್ಕೂ ಕಾಂಕ್ರೀಟಿನ ಪ್ಲಿಂತ್ ಬೀಮ್ ಮತ್ತು ಎಂಟು ಹತ್ತಡಿಗೊಂದು ಒಂಬತ್ತಿಂಚಿನ ಪಿಲ್ಲರ್, ಅದರೊಳಗೆ ನಾಲ್ಕು 10 ಎಂಎಂ ಕಂಬಿ ಬೇಕೇ ಬೇಕು. ಹಾಗೆಯೇ ಕಡಿಮೆಯೆಂದರೂ ಏಳು ದಿನ ಕ್ಯೂರಿಂಗ್, ಇದರಲ್ಲಿ ಉಳಿತಾಯ ಬೇಡ.

ನನ್ನನ್ನು ಕೇಳಿದ್ದರೆ ಆ ಜಾಗಕ್ಕೆ ಪೂರ್ತಿ ಗೋಡೆಯೇ ಬೇಡ. ಎರಡಡಿ ಬ್ಲಾಕ್, ಅದರಲ್ಲಿ ಪೈಪು, ಅದರ ಮೇಲೆ ಮೂರಡಿ ಚೈನ್‌ಲಿಂಕ್ ಜಾಲರಿ. ನಾಯಿ ತೋಡಿಕೊಂಡು ನುಸುಳುವುದಿಲ್ಲ, ಮಗು ದಾಟುವುದಿಲ್ಲ, ಗಾಳಿ ಬೆಳಕು ನಿಲ್ಲುವುದಿಲ್ಲ. ಜಾಲರಿ 10 ಗೇಜಿನದಾಗಿರಲಿ, 12 ತೆಳು. ಮೂಲೆಯ ಕಂಬಗಳಿಗೆ ಓರೆಯಾಗಿ ಆನಿಕೆ ಕೊಟ್ಟು ಮೂರು ಸಾಲು ತಂತಿ ಬಿಗಿಯದಿದ್ದರೆ ಎರಡನೇ ವರ್ಷಕ್ಕೇ ಹೊಟ್ಟೆ ಬಿಡುತ್ತದೆ. ಅದರ ಮೇಲೆ ಬಸಳೆ, ಶಂಖಪುಷ್ಪದಂಥ ಹಗುರ ಬಳ್ಳಿ ಸಾಕು. ಬೋಗನ್‌ವಿಲ್ಲಾ ಹಬ್ಬಿಸಿದರೆ ಮಳೆಯಲ್ಲಿ ನೆನೆದ ಭಾರಕ್ಕೆ ಕಂಬವೇ ವಾಲುತ್ತದೆ. ಹುಡುಗ ಒಪ್ಪಲಿಲ್ಲ. ಅವನ ಹೆಂಡತಿಗೆ ಹಿತ್ತಲಲ್ಲಿ ಮರೆ ಬೇಕಂತೆ. ಅದನ್ನೂ ತಳ್ಳಿಹಾಕಲಾಗುವುದಿಲ್ಲ. ಐದಡಿಗೆ ಇಳಿದ, ಅಷ್ಟೇ. ತೂತಿನ ವಿಷಯಕ್ಕೆ ನೋಡೋಣ ಅಂದ.

ಸೋಮವಾರ ಬೇಲಿ ಕಿತ್ತರು. ಮಂಗಳವಾರ ಎರಡೂವರೆ ಅಡಿ ಆಳ ತೋಡಿದರು. ಅಮ್ಮನ ನುಗ್ಗೆ ಮರದ ಹತ್ತಿರ ನಾಲ್ಕಡಿ ತೋಡದೆ ಬಿಟ್ಟು ಬೀಮ್ ದಾಟಿಸಲು ಮೇಸ್ತ್ರಿ ಒಪ್ಪಿದ್ದು ದೊಡ್ಡ ವಿಷಯ. ಒಂದು ಕಡೆಯ ಬೇರು ಪೂರ್ತಿ ಕಡಿದರೆ ನುಗ್ಗೆ ಮುಂದಿನ ಗಾಳಿಗೇ ಉರುಳುತ್ತದೆ.

ಬುಧವಾರ ರಾತ್ರಿ ಮಳೆ ಹಿಡಿಯಿತು. ಗುರುವಾರ ಬೆಳಿಗ್ಗೆ ನೋಡಿದರೆ ತೋಡಿದ ಪಾಯ ಕಟ್ಟೆಯವರೆಗೂ ಕೆಂಪು ನೀರು, ಒಂದು ಬದಿ ಆರಡಿ ಉದ್ದಕ್ಕೆ ಕುಸಿದಿದೆ. ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನಲ್ಲಿ ನಿಂತಿದ್ದ. ಅಮ್ಮನ ಹಿತ್ತಲಿನಿಂದ ಇನ್ನೂ ಬೆರಳು ದಪ್ಪದ ಧಾರೆ ಇಳಿಯುತ್ತಲೇ ಇತ್ತು. ಅವನು ಬಹಳ ಹೊತ್ತು ಅದನ್ನೇ ನೋಡಿದ, ಆಮೇಲೆ ಮೇಸ್ತ್ರಿಗೆ ಫೋನ್ ಮಾಡಿ ನಾಲ್ಕಿಂಚಿನ ಪೈಪು ಏಳು ತುಂಡು ತರಲು ಹೇಳಿದ.

ಅಮ್ಮ ಆ ಕಡೆಯಿಂದ ಕೇಳಿಸಿಕೊಂಡರು. "ಎಂಟು ತರ್ಸಪ್ಪ" ಅಂದರು. "ನುಗ್ಗೆ ಮರದ ಬುಡದಲ್ಲೊಂದು ಇಡ್ಸು. ಮೊದ್ಲು ನೀರು ನಿಲ್ಲೋದು ಅಲ್ಲೇ."