ಇಂಚು, ಸೆಂಟ್ಸು, ಡೀಸೆಲ್ಲು

2 ಮಾರ್ಚ್ 2025, ಭಾನುವಾರ

ನಿನ್ನೆ ರಾತ್ರಿ ಮಳೆ ಹದಿನೆಂಟು ಸೆಂಟ್ಸ್, ಅಂದರೆ ಇಂಚಿನ ನೂರು ಪಾಲಿನಲ್ಲಿ ಹದಿನೆಂಟು. ಅಷ್ಟೇ. ಗುಡುಗಿದ ಜೋರು ಕೇಳಿ ಒಂದಿಂಚಾದರೂ ಬಿತ್ತು ಅಂತ ಖುಷಿಯಲ್ಲಿ ಮಲಗಿದ್ದೆ. ಬೆಳಿಗ್ಗೆ ದೊಡ್ಡಪ್ಪ ಮಳೆ ಅಳೆಯುವ ಡಬ್ಬಿ ತೆಗೆದು, ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಏನೂ ಹೇಳದೆ ಒಳಗೆ ಹೋದರು. ಅವರು ಮಾತಾಡದಿದ್ದರೆ ಲೆಕ್ಕ ಸರಿಯಿಲ್ಲ ಅಂತಲೇ ಅರ್ಥ.

ಕಾಫಿ ಗಿಡದಲ್ಲಿ ಹೂ ಅರಳಿಸುವ ಈ ಹೂಮಳೆ ಪೂರ್ತಿ ಕೈಕೊಟ್ಟರೆ ಒಂದು ಕಷ್ಟ. ಹೀಗೆ ಅರೆಬರೆ ಬಂದರೆ ಅದಕ್ಕಿಂತ ದೊಡ್ಡ ಕಷ್ಟ. ಬರದೇ ಇದ್ದರೆ ನಮ್ಮ ರೊಬಸ್ಟಾ ಕಾಫಿಯ ಮೊಗ್ಗು ಸುಮ್ನೆ ಮಲಗಿರುತ್ತೆ. ಒಂದಿಂಚು ಬಂದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಹದಿನೆಂಟು ಸೆಂಟ್ಸ್ ಅಂದರೆ ಮಲಗಿದ್ದ ಮಗುವನ್ನು ಎಬ್ಬಿಸಿ ಊಟ ಹಾಕದೆ ಬಿಟ್ಟ ಹಾಗೆ. ಅರ್ಧ ಎದ್ದ ಮೊಗ್ಗು ಕಪ್ಪಾಗಿ ಉದುರಿದರೆ ಮುಂದಿನ ವರ್ಷದ ಫಸಲು ಈಗಲೇ ಹೋಯಿತು. ಅಂದರೆ ನಾಳೆಯಿಂದ ಸ್ಪ್ರಿಂಕ್ಲರ್. ಅಂದರೆ ಹಳ್ಳಕ್ಕೆ ಇಂಜಿನ್ ಇಳಿಸಬೇಕು, ಪೈಪ್ ಎಳೆಸಬೇಕು, ಮೂಡಿಗೆರೆಗೆ ಹೋಗಿ ಡೀಸೆಲ್ ತರಬೇಕು.

ಇವತ್ತಿನ ಹಗಲು ಅದರಲ್ಲೇ ಕಳೆಯಿತು. ಬರೆಯಬೇಕು ಅನ್ನಿಸಿದ್ದು ಸಂಜೆಯ ಮಾತು.

ಕಾಫಿ ಕುಡಿಯುತ್ತಾ ನಾನೇ ಶುರು ಮಾಡಿದೆ. ಕಳೆದ ವರ್ಷ, 2024, ಲೆಕ್ಕ ಇಡಲು ಶುರುವಾದ ಮೇಲೆ ಇಡೀ ಭೂಮಿಗೇ ಅತಿ ಬಿಸಿಯಾದ ವರ್ಷವಂತೆ ಅಂದೆ. ದೊಡ್ಡಪ್ಪ ಕೇಳಿಸಿಕೊಂಡರು. ಎದ್ದು ಹೋಗಿ ಬೀರುವಿನಿಂದ ಮಳೆ ಪುಸ್ತಕಗಳ ಕಟ್ಟು ತಂದು ಜಗಲಿ ಮೇಲೆ ಇಟ್ಟರು. ಮೊದಲನೆಯದು 1974ರದ್ದು, ಅಜ್ಜನ ಕೈಬರಹ. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟು ಕಾಲವಾಯಿತೋ, ನಮ್ಮ ಮನೆಯಲ್ಲಿ ಇವತ್ತಿಗೂ ಇಂಚು, ಸೆಂಟ್ಸು.

“ತೋರ್ಸು ಮಗಾ, ಮಳೆ ಎಲ್ಲಿ ಕಮ್ಮಿ ಆಗಿದೆ?” ಅಂದರು. “ಅಪ್ಪನ ಕಾಲದಲ್ಲೂ ನೂರಿಂಚಿನ ಆಸುಪಾಸು. ಈಗಲೂ ಅಷ್ಟೇ. ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ. ಟೀವಿಯವ್ರು ಬಾಯಿ ಬಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ.”

ನಾನು ಪುಟದ ಕೊನೆಯಲ್ಲಿರುವ ಒಟ್ಟು ಮೊತ್ತಗಳನ್ನೇ ನೋಡುತ್ತಾ ಹೋದೆ. ಅವರು ಹೇಳಿದ್ದು ನಿಜ. ವಾದ ಅಲ್ಲೇ ಮುಗಿಯಬೇಕಿತ್ತು. ಆದರೆ ಹಾಳೆ ತಿರುಗಿಸುವಾಗ ಬೇರೇನೋ ಕಣ್ಣಿಗೆ ಬಿತ್ತು. ಅಜ್ಜನ ಪುಟಗಳಲ್ಲಿ ಜೂನ್, ಜುಲೈ ಪೂರ್ತಿ ತುಂಬಿಕೊಂಡಿವೆ. ಅರ್ಧ ಇಂಚು, ಮುಕ್ಕಾಲು, ಒಂದು, ಮತ್ತೆ ಅರ್ಧ. ಖಾಲಿ ಜಾಗ ಹುಡುಕಬೇಕು. ದೊಡ್ಡಪ್ಪನ ಈಚಿನ ಪುಸ್ತಕಗಳಲ್ಲಿ ಸಾಲು ಸಾಲು ಸೊನ್ನೆ, ಆಮೇಲೆ ಇದ್ದಕ್ಕಿದ್ದಂತೆ ಏಳು ಇಂಚು, ಎಂಟು ಇಂಚು. 2019ರ ಆಗಸ್ಟ್ ಪುಟವನ್ನು ಅವರೇ ಬೇಗ ತಿರುಗಿಸಿದರು. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದದ್ದು ಆಗಲೇ. 2023ರ ಆಗಸ್ಟ್ ತೆಗೆದರೆ ಮಳೆಗಾಲವೋ ಬೇಸಿಗೆಯೋ ಗೊತ್ತಾಗದಷ್ಟು ಸೊನ್ನೆ. 1901ರಿಂದ ಇರುವ ದಾಖಲೆಯಲ್ಲಿ ಇಡೀ ದೇಶಕ್ಕೇ ಅತಿ ಒಣ ಆಗಸ್ಟ್ ಅದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು.

“ಒಟ್ಟು ಬಿಡಿ ದೊಡ್ಡಪ್ಪ. ಮಳೆ ಬಂದ ದಿನ ಎಷ್ಟು ಅಂತ ಎಣಿಸಿ” ಅಂದೆ.

ಅವರು ಎಣಿಸಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಯಾಕೆ ಹಿಂಗೆ?” ಅಂತ ಕೇಳಿದರು. ಈ ಸಲ ವಾದಕ್ಕೆ ಕೇಳಿದ್ದಲ್ಲ.

ಗೊತ್ತಿದ್ದಷ್ಟು ಹೇಳಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಏಳು ಪರ್ಸೆಂಟ್ ಜಾಸ್ತಿ ನೀರಿನ ಆವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ನೆಲದ ತೇವವನ್ನೂ ಜಾಸ್ತಿ ಹೀರುತ್ತೆ, ಸುರಿಯುವಾಗಲೂ ಒಮ್ಮೆಲೇ ಸುರಿಯುತ್ತೆ. ಅರಬ್ಬೀ ಸಮುದ್ರವೂ ಬಿಸಿಯಾಗಿದೆ, ಅಲ್ಲಿಂದ ಮೇಲೇಳುವ ಆವಿಯೂ ಜಾಸ್ತಿ. ಬರವೂ ನೆರೆಯೂ ಒಂದೇ ತಾಯಿಯ ಮಕ್ಕಳು ಅಂದೆ. ಗಾಳಿ ಬಿಸಿಯಾಗಲು ಕಾರಣ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಕಡಿದ ಕಾಡು. ಕಾರ್ಖಾನೆಗಳು ಹುಟ್ಟುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಪಾಲು ಇತ್ತು. ಅಜ್ಜ ಈ ಮೊದಲ ಪುಸ್ತಕ ಬರೆಯುವಾಗ, 1974ರಲ್ಲಿ, ಸುಮಾರು 330. ಈಗ 420 ದಾಟಿದೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಅದನ್ನು ಅಳೆದು ಬರೆದಿಡುತ್ತಿದ್ದಾರೆ, ನಿಮ್ಮ ಹಾಗೇ ಅಂದೆ. ಅದು ಅವರಿಗೆ ಇಷ್ಟವಾಯಿತು. “ದಿನಾ ಬರೀತಾರಾ?” ಅಂತ ಎರಡು ಸಲ ಕೇಳಿದರು.

ಆಮೇಲೆ ಡೀಸೆಲ್ ವಿಷಯ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕೇಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ ಅಂದದ್ದೇ ತಡ, ಅವರಿಗೆ ನಗು ಬಂತು.

“ಲೀಟರ್ ಡೀಸೆಲ್ ಒಂದು ಕೇಜಿನೂ ತೂಗಲ್ಲ. ಎರಡೂವರೆ ಕೇಜಿ ಹೊಗೆ ಎಲ್ಲಿಂದ ಬರುತ್ತೆ? ವ್ಯಾಪಾರಿ ತೂಕದಲ್ಲಿ ಹೊಡೆಯೋದು ನೋಡಿದೀನಿ, ಇದು ಅದಕ್ಕಿಂತ ಜೋರಾಯ್ತು.”

ಡೀಸೆಲ್ಲಿನಿಂದ ಹೋಗುವುದು ಕಾರ್ಬನ್ ಮಾತ್ರ, ಅದಕ್ಕೆ ಅಂಟಿಕೊಳ್ಳುವ ಆಮ್ಲಜನಕ ಗಾಳಿಯದ್ದು, ತೂಕ ಬರುವುದು ಅದರಿಂದಲೇ ಜಾಸ್ತಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಅರ್ಧಕ್ಕಿಂತ ಜಾಸ್ತಿ ಗಾಳಿದೇ ತೂಕ” ಅಂದರು. ಮನಸ್ಸಿನಲ್ಲೇ ನಾಳೆಯ ಕ್ಯಾನುಗಳನ್ನು ಗುಣಿಸುತ್ತಿದ್ದರು ಅನ್ನಿಸುತ್ತೆ. ಯಾಕೆಂದರೆ ಮುಂದಿನ ಪ್ರಶ್ನೆ ಅದೇ. “ಅಲ್ಲ, ನಮ್ಮ ಒಂದು ಇಂಜಿನ್‌ನಿಂದ ಲೋಕ ಮುಳುಗುತ್ತಾ?”

ಇಲ್ಲ. ಖಂಡಿತ ಇಲ್ಲ. ಇಲ್ಲಿಯವರೆಗಿನ ಲೆಕ್ಕ ಕೂಡಿದರೆ ಅತಿ ಜಾಸ್ತಿ ಹೊಗೆ ಬಿಟ್ಟ ದೇಶ ಅಮೆರಿಕ. ನಮ್ಮ ದೇಶದಲ್ಲಿ ಒಬ್ಬೊಬ್ಬರ ತಲೆಗೆ ಬರುವ ಪಾಲು ಲೋಕದ ಸರಾಸರಿಗಿಂತ ಕಮ್ಮಿ. ಇದನ್ನೆಲ್ಲ ಹೇಳಿದೆ, ಹೇಳುವಾಗ ನನಗೂ ಸಮಾಧಾನವಾಯಿತು. ಆದರೆ ಬಾರದ ಮಳೆಯನ್ನು ಡೀಸೆಲ್ ಸುಟ್ಟು ಬರಿಸುವುದು, ಅದೇ ಡೀಸೆಲ್ಲಿನ ಹೊಗೆಯಿಂದ ಮುಂದಿನ ಮಳೆ ಇನ್ನಷ್ಟು ಕೆಡುವುದು, ಇದು ಯಾಕೋ ತಲೆಯಿಂದ ಹೋಗುತ್ತಿಲ್ಲ. ಸೋಲಾರ್ ಪಂಪ್ ಹಾಕಿಸಿ ಅಂತ ಸುಮಿ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ನಮ್ಮ ಹಳ್ಳದ ಬದಿಯಲ್ಲಿ ಮಧ್ಯಾಹ್ನವೂ ನೆರಳು. ಅದು ಬೇರೆ ಕಥೆ.

ಇನ್ನೊಂದು ವಿಷಯ ದೊಡ್ಡಪ್ಪನ ಮುಂದೆ ಎತ್ತಲಿಲ್ಲ. ಈ ವರ್ಷದ ಕಾಫಿ ರೇಟು. ಹಿಂದೆಂದೂ ಕಾಣದ ರೇಟು. ಹಳೇ ಸಾಲ ತೀರಿದವರಿದ್ದಾರೆ, ಬಣಕಲ್ ರಸ್ತೆಯಲ್ಲಿ ಹೊಸ ಜೀಪುಗಳು ಓಡಾಡುತ್ತಿವೆ. ನಮಗೂ ಮನೆ ಹೆಂಚು ಬದಲಾಯಿಸುವಷ್ಟು ಕೈ ಸೇರಿತು. ಇಷ್ಟು ರೇಟು ಬರಲು ನಾವೇನೂ ಜಾಸ್ತಿ ಬೆಳೆಯಲಿಲ್ಲ. ರೊಬಸ್ಟಾದಲ್ಲಿ ಲೋಕಕ್ಕೇ ಮೊದಲಿರುವ ವಿಯೆಟ್ನಾಂನಲ್ಲಿ ಕಳೆದ ವರ್ಷದ ಶುರುವಿನಲ್ಲಿ ಭಾರಿ ಬರ. ಅರೇಬಿಕಾ ಬೆಳೆಯುವ ಬ್ರೆಜಿಲ್‌ನಲ್ಲೂ ಒಣ ಹವೆ. ಅವರ ಬಾವಿ ಬತ್ತಿತು, ನಮ್ಮ ಹೆಂಚು ಬದಲಾಯಿತು. ವಿಯೆಟ್ನಾಂನ ಕಾಫಿ ಸೀಮೆ ಡಾಕ್ ಲಾಕ್ ಕಡೆಯೂ ಯಾರೋ ಹಗಲು ರಾತ್ರಿ ಪಂಪ್ ಓಡಿಸಿರುತ್ತಾರೆ, ನಮ್ಮ ಹಾಗೇ. 2021ರಲ್ಲಿ ಜನವರಿ ಮಳೆ ಬಂದು ಗಿಡದಲ್ಲಿ ಹಣ್ಣು ಇರುವಾಗಲೇ ಹೂ ಬಂದದ್ದು, ಅದೇ ವರ್ಷ ನವೆಂಬರ್ ಮಳೆಗೆ ಕಣದಲ್ಲಿದ್ದ ಕಾಫಿ ಬೂಷ್ಟು ಹಿಡಿದದ್ದು ನೆನಪಾಯಿತು. ಆಗ ಯಾರ ಮನೆಯ ಹೆಂಚು ಬದಲಾಯಿತೋ.

ದೊಡ್ಡಮ್ಮ ಅಕ್ಕಿ ರೊಟ್ಟಿಗೆ ಕರೆದರು. ಕಳಲೆ ಪಲ್ಯ. ಎರಡು ಜಾಸ್ತಿಯೇ ತಿಂದೆ.

ಊಟ ಆದ ಮೇಲೆ ಕೆಳಗಿನ ಮನೆ ಅಕ್ಕನ ಫೋನ್. “ನಾಳೆ ಇಂಜಿನ್ ಇಳಿಸ್ತೀರಂತೆ ಹೌದಾ? ಎಷ್ಟು ದಿನ ಓಡುತ್ತೆ?” ಸುಮ್ನೆ ಕೇಳಿದಂತೆ ಕೇಳಿದರು, ಆದರೆ ಸುಮ್ನೆ ಕೇಳಿದ್ದಲ್ಲ. ಹಳ್ಳ ನಮ್ಮ ತೋಟ ದಾಟಿಯೇ ಅವರ ಅಡಿಕೆಗೆ ಹೋಗಬೇಕು. ಅಲ್ಲಿಂದ ಮುಂದೆ ಹೇಮಾವತಿ. ಈಗಲೇ ಕಲ್ಲುಗಳೆಲ್ಲ ಮೇಲೆ ಕಾಣುತ್ತಿವೆ. ದೊಡ್ಡಪ್ಪ ಪಕ್ಕದಿಂದ ಎರಡು ಬೆರಳು ತೋರಿಸಿದರು, ಎರಡು ದಿನ ಅನ್ನು ಅಂತ. ಎರಡು ದಿನದಲ್ಲಿ ಮೇಲಿನ ಬ್ಲಾಕ್ ಕೂಡ ಮುಗಿಯಲ್ಲ ಅಂತ ಅವರಿಗೂ ಗೊತ್ತು, ಆ ಅಕ್ಕನಿಗೂ ಗೊತ್ತು. “ಕೇಳಿ ಹೇಳ್ತೀನಿ ಅಕ್ಕ” ಅಂದು ಇಟ್ಟೆ.

ಪಾಳಿ ಹಾಕಿಕೊಂಡರೆ ಆಗಬಹುದೇನೋ. ಹಗಲು ಅವರು, ರಾತ್ರಿ ನಾವು. ರಾತ್ರಿ ಆದರೆ ನೀರು ಆರುವುದೂ ಕಮ್ಮಿ. ಆದರೆ ಕತ್ತಲಲ್ಲಿ ಪೈಪ್ ಬದಲಾಯಿಸಲು ಯಾರು ಹೋಗುತ್ತಾರೆ, ಮೊನ್ನೆಯಷ್ಟೇ ಆ ಕಡೆ ಆನೆ